ಒಂದೇ ಗೋತ್ರ, ಇನ್ನೊಂದು ಮಡಿಲು

ಪ್ರೀತಿಯ ತಂಗಿ ಲಲಿತಾ,

ಸಾರು ಒಲೆಯ ಮೇಲಿದೆ, ನಿನ್ನ ಭಾವ ಪೇಟೆಗೆ ಹೋಗಿದ್ದಾರೆ, ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ನಿನಗಲ್ಲದೆ ಇದನ್ನು ಇನ್ಯಾರಿಗೆ ಹೇಳಲಿ? ಅಣ್ಣನ ಮಗಳು ಶ್ರುತಿ ನೆನಪಿದ್ದಾಳಲ್ಲ, ನಿನ್ನ ಸೆರಗು ಹಿಡಿದು ಮನೆಯೆಲ್ಲ ಸುತ್ತುತ್ತಿದ್ದವಳು? ಅವಳು ಒಬ್ಬ ಹುಡುಗನನ್ನು ಮೆಚ್ಚಿದಳು. ಅನಿರುದ್ಧ ಅಂತ, ಇಂದಿರಾನಗರದವನು. ಒಳ್ಳೆಯ ಹುಡುಗ, ನಮ್ಮವನೇ. ಗೋತ್ರ ಭಾರದ್ವಾಜ. ನಮ್ಮದೇ ಗೋತ್ರ, ಲಲಿತಾ. ಅದನ್ನು ಕೇಳಿದಾಗ ನನಗೆ ಏನು ನೆನಪಾಯಿತು ಎಂದು ನಿನಗೆ ಬಿಡಿಸಿ ಹೇಳಬೇಕೆ?

ಹಲಸೂರಿನ ಮನೆಯ ನಡುಮನೆ ಕಣ್ಣಿಗೆ ಕಟ್ಟಿದೆ. ಆ ದಿನ ನಿನ್ನನ್ನು ಕೇಳಲು ಪ್ರಭಾಕರನ ಜೊತೆ ಅವನ ಅಪ್ಪ ಅಮ್ಮ ಹಣ್ಣು ಹೂವು ಹಿಡಿದು ಬಂದಿದ್ದರು. ನೀನೂ ಅವನೂ ಶಿವಾಜಿನಗರದ ಒಂದೇ ಆಡಿಟರ್ ಆಫೀಸಿನವರು. ಪ್ರೀತಿಸಿ ಮದುವೆಯಾಗುವುದಕ್ಕೆ ನಮ್ಮಪ್ಪ ಒಪ್ಪಿದ್ದೇ ಒಂದು ಪವಾಡ. ಹುಡುಗ ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದ ಎಂದು ಅಪ್ಪ ಆಗಲೇ ಅರ್ಧ ಸೋತಿದ್ದರು. ನಮ್ಮವರೇ ಎಂದಮೇಲೆ ಉಳಿದದ್ದನ್ನು ಯಾರೋ ಕೇಳಿರುತ್ತಾರೆ ಎಂದು ನಾವು ಅಂದುಕೊಂಡಿದ್ದೆವು, ಅವರೂ ಹಾಗೇ ಅಂದುಕೊಂಡಿದ್ದರು. ಕಾಫಿ ಕುಡಿಯುತ್ತ ಅವನ ಅಪ್ಪ ಸುಮ್ಮನೆ ಮಾತಿಗೆಂದು ನಮ್ಮ ಗೋತ್ರ ಕೇಳಿದರು. ಅಪ್ಪ ಹೇಳಿದರು. ಅವರದೂ ಅದೇ. ಆಮೇಲೆ ಮಾತು ಕಾವೇರಿ ನೀರಿಗೂ ಬಸ್ಸಿನ ನೂಕುನುಗ್ಗಲಿಗೂ ಹೊರಳಿ, ಎಲ್ಲರೂ ಬಹಳ ಮರ್ಯಾದೆಯಿಂದ ಎದ್ದು ಹೋದರು. ಅಡುಗೆಮನೆಯ ಬಾಗಿಲ ಹಿಂದೆ ನೀನು ರೇಷ್ಮೆ ಸೀರೆಯುಟ್ಟು ನಿಂತಿದ್ದೆ. ಅಪ್ಪ ನಿನ್ನ ಮುಖ ನೋಡದೆ ಹೇಳಿದರು, "ಅವನು ನಿನಗೆ ಅಣ್ಣ ಆಗ್ತಾನಮ್ಮ. ಹಣೆಬರಹ, ಏನ್ಮಾಡೋದು."

ಅದಾದ ಮೇಲೆ ಎಷ್ಟೋ ಸಂಜೆ ನಿನ್ನನ್ನು ಹಲಸೂರು ಕೆರೆಯ ಕಡೆ ಕರೆದುಕೊಂಡು ಹೋಗುತ್ತಿದ್ದೆ. ಕನ್ನಡ ಎಂ.ಎ. ಮಾಡಿದ ಅಕ್ಕನಿಗೆ ಸಮಾಧಾನ ಹೇಳುವ ದಾರಿ ಇನ್ಯಾವುದಿತ್ತು? ಕಾವ್ಯದಲ್ಲಿ ಯಾವ ದೊಡ್ಡ ಪ್ರೀತಿಯೂ ದಡ ಸೇರುವುದಿಲ್ಲ, ಪ್ರೇಮಿಗಳನ್ನು ಅಗಲಿಸುವುದು ಮನುಷ್ಯರಲ್ಲ, ವಿಧಿ ಎಂದೆಲ್ಲ ಹೇಳಿದೆ. ನೀನು ಕಡಲೆಕಾಯಿ ಬಿಡಿಸುತ್ತ ಕೇಳುತ್ತಿದ್ದೆ. ಕೊನೆಗೆ ಒಂದು ದಿನ, "ಅಕ್ಕಾ, ವಿಧಿ ಅಂದ್ರೆ ಯಾರು? ನಮ್ಮಪ್ಪಾನೇ ತಾನೆ?" ಅಂದೆ. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ನೀನು...

ನಿನಗೆ ಕಾಮಾಲೆಯಾಗಿ, ನೀನು ನಮ್ಮನ್ನು ಬಿಟ್ಟು ಹೋದ ಮೇಲೆ ಒಂದು ಬೆಳಗ್ಗೆ ಪ್ರಭಾಕರ ಮನೆಗೆ ಬಂದಿದ್ದ. ಇದು ನಿನಗೆ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸ ಹಿಡಿದಿದ್ದ, ತಲೆ ಅರ್ಧ ನರೆತಿತ್ತು, ಮದುವೆ ಆಗಿರಲಿಲ್ಲ. ಅಪ್ಪ ಅವನನ್ನು ಕೂರಿಸಿ ತಾವೇ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಜೀವಮಾನದಲ್ಲಿ ಅಪ್ಪ ಯಾರಿಗಾದರೂ ಕಾಫಿ ತಂದುಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಲೋಟ ಕೆಳಗಿಟ್ಟು ಅವನು ಅಪ್ಪನ ಕಾಲು ಮುಟ್ಟಿ ಹೊರಟ. ಅಪ್ಪ ಆ ದಿನ ಊಟ ಮಾಡಲಿಲ್ಲ.

ಈ ಶ್ರಾವಣದಲ್ಲಿ ಸಿ.ವಿ. ರಾಮನ್ ನಗರದಿಂದ ಅಣ್ಣ ಫೋನ್ ಮಾಡಿದಾಗ ಅದು ಅಪ್ಪನದೇ ದನಿ ಅನ್ನಿಸಿತು. ಈ ಸಲ ಗೋತ್ರವನ್ನೇ ಮೊದಲು ಕೇಳಿದ್ದನಂತೆ. "ನಮ್ಮನೆ ಹೆಣ್ಮಕ್ಕಳ ಹಣೆಬರಹವೇ ಇಷ್ಟು ಕಣೆ" ಅಂದ. ನಾನು ಓಡಿದೆ. ಶ್ರುತಿ ಅಳುತ್ತಿರಲಿಲ್ಲ. ರಿಜಿಸ್ಟರ್ ಮದುವೆ ಮಾಡಿಕೊಳ್ಳುವುದು ಇಬ್ಬರಿಗೂ ದೊಡ್ಡ ವಿಷಯವಲ್ಲ, ಆದರೆ ತನ್ನಪ್ಪ ಬಾರದ ಮದುವೆ ತನಗೆ ಬೇಡ ಅಂದಳು. ಅಣ್ಣನೋ, ಬರುವುದಿಲ್ಲ ಎಂದು ಕೂತಿದ್ದ. ಆ ಮನೆಯಲ್ಲಿ ತಟ್ಟೆ ಇಡುವ ಸದ್ದು ಕೂಡ ಮೆಲ್ಲಗಾಗಿತ್ತು. ನೀನು ಆಫೀಸಿಗೆ ಹೋಗುವುದನ್ನು ಬಿಟ್ಟ ವಾರ ನಮ್ಮ ಮನೆ ಹೇಗಿತ್ತು, ಹಾಗೆ.

ಸಂಬಂಧ ಬೇಡವೆಂದು ಮರ್ಯಾದೆಯಾಗಿ ಹೇಳಿಬರಲು ಅಣ್ಣ, ನಿನ್ನ ಭಾವ, ನಾನು ಮೂವರೂ ಇಂದಿರಾನಗರಕ್ಕೆ ಹೋದೆವು. ಮೆಟ್ರೊಗೆಂದು ರಸ್ತೆ ಅಗೆದಿದ್ದಾರೆ. ಆಟೋದವನು ಎಲ್ಲೋ ಇಳಿಸಿಬಿಟ್ಟ, ಧೂಳು ಕುಡಿಯುತ್ತ ನಡೆದೆವು. ಅಣ್ಣ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ಅವರ ಮನೆಯಲ್ಲಿ ಹುಡುಗನ ಅಜ್ಜಿ ಒಬ್ಬರು, ಅವನ ಅಪ್ಪನ ತಾಯಿ, ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. ಅಣ್ಣ ಒಪ್ಪಿಸಿದ ಪಾಠವನ್ನು ಪೂರ್ತಿ ಕೇಳಿಸಿಕೊಂಡು ಅವರು ಕೈಯೊರೆಸಿಕೊಂಡರು.

"ನಾನು ಹುಟ್ಟಿದ್ದೂ ಭಾರದ್ವಾಜ ಗೋತ್ರದಲ್ಲೇ ಕಣಪ್ಪಾ. ಸೇರಿದ್ದೂ ಅದಕ್ಕೇ."

ಅಜ್ಜಿ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಹುಡುಗ ಒಳ್ಳೆ ಮನೆತನದೋನು, ಕೈಬಿಡೋ ಹಾಗಿರ್ಲಿಲ್ಲ. ನಮ್ಮ ಸೋದರಮಾವ ಅತ್ತೆ ನನ್ನ ದತ್ತು ತಗೊಂಡ್ರು. ಅವರದ್ದು ಕಾಶ್ಯಪ. ಮಡಿಲಲ್ಲಿ ಕೂರಿಸ್ಕೊಂಡು, ಅವರೇ ಧಾರೆ ಎರೆದುಕೊಟ್ರು. ಇದೇನು ಹೊಸದಾ? ನಿಮ್ಮ ಪುರೋಹಿತರನ್ನ ಒಂದು ಮಾತು ಕೇಳಿಲ್ವಾ?"

ಕೇಳಿರಲಿಲ್ಲ, ಲಲಿತಾ. ಆಗಲೂ ಕೇಳಿರಲಿಲ್ಲ. ನಿನ್ನ ಕಾಲದಲ್ಲಿ ಅಪ್ಪ ಗೋತ್ರದ ಹೆಸರು ಕೇಳಿದ ಕೂಡಲೇ ತಲೆ ತಗ್ಗಿಸಿದರು, ನಾವೆಲ್ಲ ಅವರ ಹಿಂದೆ ತಗ್ಗಿಸಿದೆವು. ನಾನಂತೂ ಅದಕ್ಕೆ ಪದ್ಯಗಳ ಆಧಾರ ಒದಗಿಸಿದೆ. ಅಷ್ಟು ದೊಡ್ಡದು ಎಂದುಕೊಂಡಿದ್ದ ವಿಧಿ ನಮ್ಮ ನಡುಮನೆಯಷ್ಟೇ ಇತ್ತೇನೋ. ಆ ದಿನ ಅದೇ ನಡುಮನೆಯಲ್ಲಿ ಕಾಫಿ ತಟ್ಟೆ ಹಿಡಿದು ಓಡಾಡುತ್ತಿದ್ದೆವಲ್ಲ ನಾನೂ ನಿನ್ನ ಭಾವನೂ, ಮದುವೆಯಾಗಿ ಆತ್ರೇಯ ಗೋತ್ರದವರಾಗಿ? ನಾವೇ ನಿನ್ನನ್ನು... ಬೇಡ, ಆ ವಾಕ್ಯ ಮುಗಿಸುವುದಿಲ್ಲ. ನಿನ್ನಕ್ಕನನ್ನೇ ಅಮ್ಮಾ ಎಂದು ಕರೆಯಬೇಕಾಗಿತ್ತಲ್ಲ ಎಂದು ನೀನು ಅಲ್ಲೇ ಹೊಟ್ಟೆ ಹಿಡಿದು ನಗುತ್ತಿದ್ದೀಯ, ನನಗೆ ಗೊತ್ತು.

ಅಜ್ಜಿಯ ಎದುರಿನ ಸೋಫಾದ ಮೇಲೆ ನಾನಿನ್ನೂ ಲೆಕ್ಕ ಹಾಕುತ್ತಲೇ ಇದ್ದೆ. ನಿನ್ನ ಭಾವ ನನ್ನ ಕಡೆ ನೋಡಿದರು. ಮೂರು ಜನರ ಮುಂದೆಯೂ ಬಾಯಿ ಬಿಡದ ಮನುಷ್ಯ ಕೆಮ್ಮಿ, "ನಾವಿದೀವಲ್ಲ" ಅಂದರು. ಅಷ್ಟೇ ಅಂದದ್ದು. ನಮಗೆ ಮಕ್ಕಳಾಗಲಿಲ್ಲ ಎಂದಾಗಲೂ ಅಪ್ಪ ಹಣೆಬರಹ ಎಂದಿದ್ದರು, ನೆನಪಿದೆಯಾ? ಅಜ್ಜಿ ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡು, ಊಟ ಮಾಡಿಕೊಂಡೇ ಹೋಗಬೇಕು, ಪಲ್ಯ ಸಾಲದಿದ್ದರೆ ಹಪ್ಪಳ ಇದೆ ಅಂದರು.

ನಿನ್ನೆ ಬೆಳಗ್ಗೆ ಬಾಣಸವಾಡಿಯ ನಮ್ಮ ಮನೆಯಲ್ಲೇ ದತ್ತು ತೆಗೆದುಕೊಂಡೆವು. ಹೋಮದ ಹೊಗೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಮಗುವನ್ನು ಮಡಿಲಿಗೆ ತೆಗೆದುಕೊಳ್ಳಿ ಅಂದರು ಪುರೋಹಿತರು. ಮಗು ಎಂದರೆ ನನಗಿಂತ ಒಂದು ಗೇಣು ಎತ್ತರ, ನಿತ್ಯ ಸ್ಕೂಟಿ ಓಡಿಸುವ ಹೆಣ್ಣು! ನನ್ನ ಮಂಡಿಯೋ, ನಿನಗೆ ಗೊತ್ತೇ ಇದೆ. ಶ್ರುತಿ ಮೈಯ ಭಾರವನ್ನೆಲ್ಲ ತನ್ನ ಕಾಲ ಮೇಲೇ ಹಿಡಿದು ಕೂತಂತೆ ನಟಿಸುತ್ತಿದ್ದಳು. "ಸರಿಯಾಗಿ ಕೂತ್ಕೊಳೇ" ಎಂದು ಗದರಿದೆ. ಕೂತಳು. ಅತ್ತಿಗೆ ಎದುರಿಗೆ ನಿಂತು ನಗುತ್ತ ಕಣ್ಣೊರೆಸಿಕೊಂಡರು. "ನೀವು ಹಸೆ ಮೇಲೆ ಕೂತ್ಕೊಳ್ಳಿ, ಅಡುಗೆಯವರನ್ನ ನಾನು ನೋಡ್ಕೋತೀನಿ. ನಂಗೂ ಒಂದು ಸಲ ಆರಾಮಾಗಿ ಮದುವೆ ಊಟ ಮಾಡ್ಬೇಕು" ಅಂದರು. ಆದರೆ ಮಗಳ ಕೈಯನ್ನು ನಮ್ಮ ಕೈಗಿಟ್ಟ ಅಣ್ಣ ಬಿಡಲೇ ಇಲ್ಲ. ಪುರೋಹಿತರು ಎರಡು ಸಲ ಹೇಳಬೇಕಾಯಿತು. ಬಿಡುವಾಗ ಅವನು ನನ್ನೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಅಂದ, "ಲಲಿತಾನ್ನೂ ಹೀಗೇ ಕೊಡಬಹುದಿತ್ತಲ್ವೇನೇ?"

ನಾನು ಶ್ರುತಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ನಾಡಿದ್ದು ಧಾರೆ, ಟಿನ್ ಫ್ಯಾಕ್ಟರಿ ಹತ್ತಿರದ ಛತ್ರದಲ್ಲಿ. ಅಣ್ಣ ಮೊದಲ ಸಾಲಿನಲ್ಲಿ ಕೂರುತ್ತಾನೆ, ಬಂದೇ ಬರುತ್ತಾನೆ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಯಾರೋ ಹುಡುಗಿಯ ತಾಯಿ ಎಲ್ಲಿ, ಬೇಗ ಬನ್ನಿ ಎಂದು ಕೂಗುತ್ತಾರೆ. ಎಲ್ಲ ಮದುವೆಗಳಲ್ಲೂ ಕೂಗುತ್ತಾರಲ್ಲ, ಹಾಗೆ. ನಾನು ಅಭ್ಯಾಸಬಲದಿಂದ ಆ ಕಡೆ ಈ ಕಡೆ ನೋಡುತ್ತೇನೆ. ಆಮೇಲೆ ಎದ್ದು ನಿಲ್ಲುತ್ತೇನೆ, ಲಲಿತಾ.

ನಿನ್ನ
ಅಕ್ಕ