ಯಜಮಾನರ ಬೀಗದ ಕೈ

ಅಪ್ಪ,

ತೆರಿಗೆ ಬಾಕಿಗಾಗಿ ಹರಾಜಿಗೆ ಬಂದಿದ್ದ ಒಂದು ಮನೆಯನ್ನು ಕೊಂಡಿದ್ದೇನೆ. ಅಲ್ಲಿದ್ದವರಿಂದ ಮನೆ ಖಾಲಿ ಮಾಡಿಸಲು ಇವತ್ತು ಬೀಗ ರಿಪೇರಿಯವನನ್ನು ಕರೆದುಕೊಂಡು ಹೋಗಿದ್ದೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಇದ್ದವರು ಅಮ್ಮನ ವಯಸ್ಸಿನ ಹೆಂಗಸೊಬ್ಬರೇ. ಪಾತ್ರೆಗಳನ್ನು ಆಗಲೇ ಮೂಟೆ ಕಟ್ಟಿಟ್ಟಿದ್ದರು.

"ಮಗಳ ಮನೆಗೆ ಹೋಗ್ತೀನಪ್ಪ. ಬೀಗ ಮಾತ್ರ ಬದಲಾಯಿಸಬೇಡ. ನಮ್ಮ ಯಜಮಾನರ ಹತ್ರ ಒಂದು ಬೀಗದ ಕೈ ಇದೆ."

"ಅವರು ಎಲ್ಲಿದ್ದಾರೆ?"

"ಗೊತ್ತಿದ್ರೆ ಕಿವಿ ಹಿಡಿದು ಎಳ್ಕೊಂಡು ಬರ್ತಿರಲಿಲ್ವಾ?" ಎಂದು ನಕ್ಕರು. ಎಷ್ಟೋ ವರ್ಷಗಳ ಹಿಂದೆ, ಚಪ್ಪಲಿ ಹೊಲಿಸಿಕೊಂಡು ಬರುತ್ತೇನೆ ಎಂದು ಹೊರಟವರಂತೆ.

"ಏನ್ ಸಾರ್, ಬಿಚ್ಚಲಾ? ನಂಗೆ ಇನ್ನೂ ಎರಡು ಮನೆ ಇದೆ," ಎಂದ ಬೀಗದವನು. ಬಿಚ್ಚು ಎಂದೆ. ಮನೆ ಕೊಂಡವರು ಮಾಡುವ ಮೊದಲ ಕೆಲಸ ಅದೇ. ನೀವು ಮನೆ ಬಿಟ್ಟು ಹೋದ ಮೇಲೆ ನಮ್ಮ ಬಾಗಿಲಿಗೂ ಹೊಸ ಬೀಗ ಬಂತು. ನಿಮಗೆ ಅದು ಗೊತ್ತಿರಲಾರದು.

ಬೀಗ ಕಳಚಿ, ಬಾಗಿಲಲ್ಲಿ ಬರೀ ತೂತು ಉಳಿದಿದ್ದಾಗ ಗೇಟು ಕಿರುಗುಟ್ಟಿತು.

"ಬಂದ್ರಾ?" ಎನ್ನುತ್ತಾ ಆಕೆ ಒಳಗಿನಿಂದ ಓಡಿ ಬಂದರು. ಯಾರೂ ಇರಲಿಲ್ಲ. ಗೇಟು ಗಾಳಿಗೆ ಅಲ್ಲಾಡುತ್ತಿತ್ತು. "ದಿನಾ ಹಿಂಗೇ ಆಟ ಆಡಿಸುತ್ತೆ," ಎಂದು ಗೇಟಿಗೆ ಬೈದು ಒಳಗೆ ಹೋದರು.

ಹಳೆಯ ಬೀಗವನ್ನೇ ಮತ್ತೆ ಕೂರಿಸು ಎಂದೆ. "ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ಸಾರ್?" ಎಂದು ಅವನು ಗೊಣಗಿದ.

ಮುಂದಿನ ವಾರದಿಂದ ನಾನು ಆ ಮನೆಯಲ್ಲೇ ಇರುತ್ತೇನೆ. ನೀವು ತೆಗೆದುಕೊಂಡು ಹೋದ ಬೀಗದ ಕೈ ಈಗ ನಮ್ಮ ಬಾಗಿಲಿಗೂ ಹೊಂದುವುದಿಲ್ಲ, ಆ ಬಾಗಿಲಿಗೂ ಹೊಂದುವುದಿಲ್ಲ. ಆದರೂ ಹೊರಗೆ ಯಾರೋ ಬೀಗ ತೆಗೆಯುವ ಸದ್ದಾದರೆ, ನೀವಲ್ಲವೆಂದು ಗೊತ್ತಿದ್ದೂ ನಾನು ಎದ್ದು ಹೋಗುತ್ತೇನೆ, ಅಪ್ಪ.