ಆರು ವರ್ಷ ಮೂರು ತಿಂಗಳು

ಜನವರಿ 27, ಸೋಮವಾರ. ಶಾಂಪೇನ್ ಸೀಮೆ. ಸಂಜೆ 5

ಇವತ್ತೂ ಮಾವ ಉಗುಳಲಿಲ್ಲ. ವೈನ್ ಇಡುವ ಮೂರು ನೆಲಮಾಳಿಗೆ, ಹನ್ನೊಂದು ಗ್ಲಾಸ್. ರುಚಿ ನೋಡಿ ಉಗುಳುವುದಕ್ಕೆಂದೇ ಎಲ್ಲ ಕಡೆ ತೊಟ್ಟಿ ಇಟ್ಟಿರುತ್ತಾರೆ. ಮಾವ ಅದರ ಮೇಲೆ ತಮ್ಮ ಟೋಪಿ ಇಡುತ್ತಾರೆ.

"ನುಂಗೋಕೆ ಯೋಗ್ಯ ಅಲ್ದಿದ್ರೆ ಬಾಯಿಗೇ ಹಾಕ್ಬಾರ್ದು ಕಣಮ್ಮ. ಹಾಕಿದ್ಮೇಲೆ ಉಗುಳೋದು ಮರ್ಯಾದೆ ಅಲ್ಲ," ಅಂದರು, ವೈನ್ ಸುರಿಯುತ್ತಿದ್ದ ಹುಡುಗಿಗೆ.

"ಹಾಗಾದ್ರೆ ಕಾರ್ ಓಡ್ಸೋರು ಯಾರು ತಾತ?"

"ನನ್ನ ಸೊಸೆ. ಅವಳು ಉಗುಳ್ತಾಳೆ. ಬರ್ಗಂಡಿಯವಳು, ಏನ್ಮಾಡೋದು."

ಹುಡುಗಿ ನಕ್ಕಳು. ನಾನೂ ನಕ್ಕೆ. ಎಂಬತ್ತೆರಡು ವರ್ಷ. ಮೆಟ್ಟಿಲು ಇಳಿಯುವಾಗ ಮಾತ್ರ ನನ್ನ ತೋಳು ಹಿಡಿಯುತ್ತಾರೆ, ಹತ್ತುವಾಗ ಇಲ್ಲ.

ಮ್ಯಾಪ್ ದಿನವಿಡೀ ಅವರ ತೊಡೆಯ ಮೇಲೆ. ನನ್ನ ಗಂಡ ತಿಬೋ ಪೆನ್ಸಿಲ್ಲಿನಲ್ಲಿ ಎಳೆದ ಗೆರೆ — ಶಾಂಪೇನ್, ಶಾಬ್ಲಿ, ಬರ್ಗಂಡಿಯಲ್ಲಿ ನನ್ನ ತವರು, ಕೊನೆಗೆ ಜುರಾ ಬೆಟ್ಟದ ಬುಡದಲ್ಲಿ ಮಾವನ ಮನೆ. ಮೂವರಿಗೆಂದು ಎಳೆದದ್ದು. ಪೀಪಾಯಿ ತೆರೆಯುವ ವಾರ ಹೊರಡೋಣ, ಊರೂರಿನ ಊಟ ಮಾಡಿ, ಊರೂರಿನ ವೈನ್ ಕುಡಿದು, ಕೊನೆಗೆ ನಮ್ಮದು, ಎಂದಿದ್ದ. ಮಾವ ತಮಗೆಂದು ಉಳಿಸಿಕೊಂಡಿದ್ದ ನಾಲ್ಕು ಸಾಲು ಬಳ್ಳಿಯ ದ್ರಾಕ್ಷಿ. ಮೂವರೂ ಸೇರಿ ಕಿತ್ತಿದ್ದೆವು. ಪೀಪಾಯಿ ತುಂಬಿಸಿದ ಐದು ತಿಂಗಳಿಗೆ ತಿಬೋ ಹೋದ. ಸೈಕಲ್ ಮೇಲೆ, ಏರಿನಲ್ಲಿ. ಎದೆ ನಿಂತಿತು.

ಈಗ ಆರು ವರ್ಷ ಮೂರು ತಿಂಗಳು ತುಂಬಿದೆ. ಜುರಾದ ಹಳದಿ ವೈನ್ ಪೀಪಾಯಿಯಲ್ಲಿ ಹಣ್ಣಾಗಲು ಬೇಕಾದಷ್ಟು ಕಾಲ.

ಹಿಂದಿನ ಸೀಟಿನಲ್ಲಿ ಮಾವ ತಿಬೋನ ಕೋಟು ಮಡಿಸಿ ಇಟ್ಟಿದ್ದಾರೆ. ಯಾಕೆಂದು ನಾನು ಕೇಳಲಿಲ್ಲ.

ಪುಟ ಮುಗಿಯಿತು. ಕೊನೆಯ ಗೆರೆಯವರೆಗೆ ಬರೆಯದೆ ಪುಸ್ತಕ ಮುಚ್ಚಲಾಗುವುದಿಲ್ಲ ನನಗೆ. ಅಪ್ಪನಿಂದ ಬಂದ ಅಭ್ಯಾಸ.

ಜನವರಿ 29, ಬುಧವಾರ. ಶಾಬ್ಲಿ. ಮಧ್ಯಾಹ್ನ 3

ಊಟಕ್ಕೆ ಬಸವನಹುಳು, ಆಮೇಲೆ ನದಿ ಮೀನು. ಜೊತೆಗೆ ಇಲ್ಲಿಯ ಬಿಳಿ ವೈನ್. ಮಾವ ಗ್ಲಾಸನ್ನು ಬೆಳಕಿಗೆ ಹಿಡಿದು, "ಸುಣ್ಣದ ನೀರು. ಒಳ್ಳೆ ಸುಣ್ಣ, ಆದ್ರೆ ಸುಣ್ಣವೇ," ಅಂದರು. ಹೋಟೆಲಿನ ಯಜಮಾನಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಿಮ್ಮ ಜುರಾದವರಿಗೆ ನಾಲಿಗೆ ಎಲ್ಲಿದೆ ಯಜಮಾನರೇ? ಅಕ್ರೋಟಿನ ಸಿಪ್ಪೆ ನೆಕ್ಕಿ ವೈನ್ ಅಂತೀರ."

"ಹಾಗಿದ್ರೆ ಬಾ, ನೆಕ್ಕಿ ನೋಡು. ಫೆಬ್ರವರಿ ನಾಲ್ಕು. ನನ್ನ ಮಗನ ಪೀಪಾಯಿ ತೆಗೀತೀವಿ."

ಅವಳಿಗೂ ಆಹ್ವಾನ ಆಯಿತು. ಇವಳೊಂದಿಗೆ ಒಂಬತ್ತು ಜನ. ದಿನಕ್ಕೊಬ್ಬರು ಸೇರುತ್ತಿದ್ದಾರೆ. ನಾನು ಮೀನನ್ನು ಅರ್ಧಕ್ಕೇ ಬಿಟ್ಟೆ.

ಇದನ್ನು ಎಲ್ಲೂ ಬರೆದಿಲ್ಲ. ಇಲ್ಲಿ ಬರೆಯುತ್ತೇನೆ.

ಮೂರು ವರ್ಷದ ಹಿಂದೆ, ನವೆಂಬರ್ ಒಂದು. ಸತ್ತವರಿಗೆ ಹೂ ಇಡುವ ದಿನ. ತಿಬೋನ ಸಮಾಧಿಗೆ ಸೇವಂತಿಗೆಯ ಕುಂಡ ಇಟ್ಟು ಬಂದೆ. ಮಾವನಿಗೆ ಜ್ವರ. ನೆಲಮಾಳಿಗೆಯಿಂದ ಆಲೂಗಡ್ಡೆ ತಾ ಎಂದು ಕೀಲಿ ಕೊಟ್ಟರು. ಮೂಲೆಯಲ್ಲಿ ಪೀಪಾಯಿ. ಮುಂಬದಿಗೆ ಸೀಮೆಸುಣ್ಣದಲ್ಲಿ ತಿಬೋನ ಅಕ್ಷರ: 2018. ಮುಟ್ಟಬೇಡಿ. ಬೆರಳ ಗಿಣ್ಣಿನಿಂದ ತಟ್ಟಿದೆ. ಮೇಲಿನ ಒಂದು ಗೇಣು ಟೊಳ್ಳು.

ನಮ್ಮ ಮನೆಯಲ್ಲಿ ಅಪ್ಪ ಪ್ರತಿ ಶನಿವಾರ ಪೀಪಾಯಿಗಳನ್ನು ತುಂಬುತ್ತಿದ್ದ. ಮರ ಕುಡಿದಷ್ಟು ವೈನನ್ನು ಮತ್ತೆ ಸುರಿದು, ಬಿರಡೆಯವರೆಗೆ. ಗಾಳಿಗೆ ಜಾಗ ಕೊಟ್ಟರೆ ವೈನ್ ಕೆಡುತ್ತದೆ. ಏಳನೇ ವಯಸ್ಸಿನಿಂದ ನಾನೂ ತುಂಬಿದ್ದೇನೆ. ಮಾವನ ಸೀಮೆಯಲ್ಲಿ ಹಳದಿ ವೈನಿಗೆ ಇದಕ್ಕೆ ತದ್ವಿರುದ್ಧ. ತುಂಬಲೇಬಾರದು. ಇಳಿದಷ್ಟೂ ಇಳಿಯಲು ಬಿಡಬೇಕು. ಆ ಖಾಲಿಯಲ್ಲಿ ವೈನಿನ ಮೇಲೆ ಹಾಲಿನ ಹಾಗೆ ಒಂದು ಕೆನೆ ಕಟ್ಟುತ್ತದೆ. ಅದೇ ಕಾಯುತ್ತದೆ, ಅದೇ ಹಳದಿ ಮಾಡುತ್ತದೆ. ಕಲಕಿದರೆ ಮುಳುಗಿ ಹೋಗುತ್ತದೆ.

ಗೊತ್ತಿತ್ತು. ಹದಿನೆಂಟು ವರ್ಷದಿಂದ ಆ ಮನೆಯ ಸೊಸೆ. ಗೊತ್ತಿರಲಿಲ್ಲ ಎನ್ನಲಾರೆ.

ಪಕ್ಕದಲ್ಲಿ ದೊಡ್ಡ ಗಾಜಿನ ಜಾಡಿಯಲ್ಲಿ ಬಿಳಿ ವೈನ್ ಇತ್ತು. ಬಿರಡೆ ತೆಗೆದೆ. ಒಂದು ಹೂಜಿ ಸುರಿದೆ. ಇನ್ನೊಂದು. ಜಾಡಿ ಮುಕ್ಕಾಲು ಬರಿದಾಯಿತು. ಮತ್ತೆ ತಟ್ಟಿದೆ. ಸದ್ದು ಗಟ್ಟಿ. ಬಿರಡೆ ಬಡಿದೆ. ಜಾಡಿ ಉರುಳಿ ಚೆಲ್ಲಿತು ಎಂದು ಮಾವನಿಗೆ ಸುಳ್ಳು ಹೇಳಿದೆ.

ತಿಬೋ ಹೋದ ಮೇಲೆ ಮೊದಲ ಸಲ ಅವತ್ತು ಗಾಢ ನಿದ್ದೆ ಬಂತು. ಆ ನಿದ್ದೆಯನ್ನೇ ನನಗೆ ಕ್ಷಮಿಸಲಾಗುತ್ತಿಲ್ಲ.

ಊರಿನ ಬೇರೆ ಪೀಪಾಯಿಗಳನ್ನು ವರ್ಷಕ್ಕೆರಡು ಸಲ ಪರೀಕ್ಷೆ ಮಾಡಿಸುತ್ತಾರೆ. ಇದಕ್ಕೆ ಮಾವ ಯಾರನ್ನೂ ಬಿಟ್ಟಿಲ್ಲ. ತಾವೂ ಮುಟ್ಟಿಲ್ಲ. ಮಗ ಮುಟ್ಟಬೇಡಿ ಎಂದು ಬರೆದಿದ್ದಾನೆ.

ಈ ಶರತ್ಕಾಲದಲ್ಲಿ ಹೊಸ ಪೀಪಾಯಿ ತುಂಬಿಸಿದರೆ ತೆರೆಯುವಾಗ ಅವರಿಗೆ ಎಂಬತ್ತೊಂಬತ್ತು. ಅದೂ ತಿಬೋನ ಕೈಯದ್ದಲ್ಲ.

ಹೇಳಬೇಕು. ಒಂಬತ್ತು ಜನರ ಮುಂದೆ ಅವರು ಆ ಗ್ಲಾಸನ್ನು ಮೂಗಿಗೆ ಹಿಡಿಯುವ ಮೊದಲು.

ಜನವರಿ 30, ಗುರುವಾರ. ಬೆಳಿಗ್ಗೆ 11

ದಾರಿಯಲ್ಲಿ ಮಂಜು. ಲಾರಿಯೊಂದರ ಕೆಂಪು ದೀಪ ಹಿಡಿದು ಹೋಗುತ್ತಿದ್ದೆ. ಇಬ್ಬರೂ ಮುಂದೆ ನೋಡುತ್ತಿರುವಾಗ ಹೇಳುವುದು ಸುಲಭ ಎನಿಸಿತು.

"ಮಾವ, ಒಂದು ವಿಷಯ..."

"ಬಾತ್‌ರೂಮಾ? ಆಗ್ಲೇ ಹೇಳ್ದೆ, ಅಷ್ಟೊಂದು ಕಾಫಿ ಬೇಡ ಅಂತ. ಮುಂದಿನ ಊರಲ್ಲಿ ನಿಲ್ಸು."

ನಿಲ್ಲಿಸಿದೆ. ಹೋದೆ. ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದೆ.

ಎಂ.ಎ.ಗೆ ನಾನು ಬರೆದ ಪ್ರಬಂಧ ಕವಿತೆಯ ಸಾಲುಗಳ ನಡುವೆ ಬಿಟ್ಟ ಜಾಗದ ಬಗ್ಗೆ. ನೂರ ನಲವತ್ತು ಪುಟ. "ಖಾಲಿ ಜಾಗದ ಬಗ್ಗೆ ಎಷ್ಟೊಂದು ತುಂಬ್ಸಿದ್ದೀಯಲ್ಲೇ," ಎಂದು ತಿಬೋ ನಗುತ್ತಿದ್ದ. ಈ ಸಲವೂ ಚೀಲದಲ್ಲಿ ಎರಡು ಕವನ ಸಂಕಲನ ತಂದಿದ್ದೇನೆ. ತೆರೆದಿಲ್ಲ.

ಫೆಬ್ರವರಿ 1, ಶನಿವಾರ. ತವರು. ಮಧ್ಯಾಹ್ನ 4

ಹೇಳಿದೆ.

ಬೆಳಿಗ್ಗೆ ಅಣ್ಣ ಲುಡೋವಿಕ್‌ನ ನೆಲಮಾಳಿಗೆಗೆ ಇಳಿದೆವು. ಶನಿವಾರ. ಅವನು ಉದ್ದ ಮೂತಿಯ ಕ್ಯಾನು ಹಿಡಿದು ಪೀಪಾಯಿಯಿಂದ ಪೀಪಾಯಿಗೆ ಹೋಗುತ್ತಿದ್ದ. ಅಪ್ಪನದೇ ಕ್ಯಾನು, ಹಿಡಿಕೆಗೆ ಸುತ್ತಿದ ಬಟ್ಟೆ ಮಾತ್ರ ಹೊಸದು.

ಮಾವ ಬೆಂಚಿನ ಮೇಲೆ ಕೂತು ಕೆಣಕಿದರು: "ನಿಮ್ಮೋರಿಗೆ ಒಂದು ಬೆರಳು ಖಾಲಿ ಕಂಡ್ರೂ ಜ್ವರ ಬರುತ್ತೆ. ಮಗೂಗೆ ಹಾಲು ಕುಡಿಸ್ದಂಗೆ ಕುಡಿಸ್ತಾನೇ ಇರ್ತೀರಿ."

"ನೀವು ಉಪವಾಸ ಹಾಕಿ ಆರು ವರ್ಷ ಮರ್ತುಬಿಡ್ತೀರಿ. ಆಮೇಲೆ ಅದನ್ನ ಸಹನೆ ಅಂತೀರಿ," ಅಂದ ಅಣ್ಣ. "ಎದ್ವೀಜ್, ಹಿಡಿ. ಆ ಸಾಲು ನಿಂದು. ಮರ್ತಿಲ್ಲ ತಾನೆ?"

ಮರೆತಿರಲಿಲ್ಲ. ನೋಡಬೇಕಾಗಿಯೂ ಇಲ್ಲ. ಕಿವಿ ಸಾಕು. ಸುರಿಯುವ ಸದ್ದು ಸಣ್ಣದಾಗುತ್ತಾ ಬಂದು ಮೇಲೇರುತ್ತದೆ, ಆಗ ಕೈ ಎತ್ತಬೇಕು. ಆರು ಪೀಪಾಯಿ. ಒಂದು ಹನಿ ಹೊರಗೆ ಬೀಳಲಿಲ್ಲ. ತಲೆ ಎತ್ತಿದಾಗ ಮಾವ ನನ್ನ ಕೈಯನ್ನೇ ನೋಡುತ್ತಿದ್ದರು. ಮೆಚ್ಚುಗೆಯಿಂದ. ಅದನ್ನು ತಡೆಯಲಾಗಲಿಲ್ಲ.

ಊಟದ ಹೊತ್ತಿಗೆ ಹೇಳಿದೆ. ಊರಿನ ಹೋಟೆಲು, ಕಿಟಕಿ ಪಕ್ಕದ ಟೇಬಲ್ಲು. ಅಣ್ಣ ಬಂದಿರಲಿಲ್ಲ. ವೈನಿನಲ್ಲಿ ಬೇಯಿಸಿದ ಮೊಟ್ಟೆ ಆಗಷ್ಟೇ ಬಂದಿತ್ತು. ಎಲ್ಲವನ್ನೂ ಹೇಳಿದೆ, ಶಾಬ್ಲಿಯಲ್ಲಿ ಬರೆದ ಹಾಗೆಯೇ, ಅದೇ ಕ್ರಮದಲ್ಲಿ. ಬರೆದದ್ದು ಇದಕ್ಕಾದರೂ ಉಪಯೋಗಕ್ಕೆ ಬಂತು.

ಮಾವ ಬ್ರೆಡ್ಡಿನ ತುಂಡನ್ನು ತಟ್ಟೆಯ ಅಂಚಿಗೆ ಇಟ್ಟರು.

"ಹಾಗಾದ್ರೆ ಜಾಡಿ ಉರುಳ್ಲಿಲ್ಲ."

"ಇಲ್ಲ ಮಾವ."

"ಎಷ್ಟು ಸುರಿದೆ?"

"ತುಂಬೋವರೆಗೆ."

"ಅದು ಅಡುಗೆಗೆ ಇಟ್ಟಿದ್ದ ವೈನು."

ಅಷ್ಟೇ. ಎದ್ದು ಟೋಪಿ ಹಾಕಿಕೊಂಡು ಹೊರಗೆ ಹೋದರು. ಕಿಟಕಿಯಿಂದ ಕಂಡಿತು. ಕಾರಿನಲ್ಲಿ ಮುಂದಿನ ಸೀಟಿನಲ್ಲಲ್ಲ, ಹಿಂದೆ, ತಿಬೋನ ಕೋಟಿನ ಪಕ್ಕ ಕೂತರು. ನಾನು ಎರಡೂ ತಟ್ಟೆಗಳ ಮುಂದೆ ಕೂತಿದ್ದೆ. ಬಡಿಸುವವಳು ಬಂದು ಮೊಟ್ಟೆ ಚೆನ್ನಾಗಿಲ್ಲವಾ ಎಂದು ಕೇಳಿದಳು. ತುಂಬಾ ಚೆನ್ನಾಗಿದೆ ಅಂದೆ.

ಫೆಬ್ರವರಿ 2, ಭಾನುವಾರ. ಬೆಳಿಗ್ಗೆ 10

ಚಳಿಗಾಲದ ದೀಪದ ಹಬ್ಬ. ಅತ್ತಿಗೆ ಎಲ್ಲರಿಗೂ ತೆಳು ದೋಸೆಯಂಥ ಸಿಹಿ ಹುಯ್ದಳು. ಮಾವ ಮೂರು ತಿಂದರು, ಅವಳಿಗೆ ವಂದಿಸಿದರು, ಬೆಕ್ಕಿನೊಂದಿಗೆ ಮಾತಾಡಿದರು. ನನ್ನೊಂದಿಗೆ ಇಲ್ಲ.

"ಬರೋರಿಗೆ ಫೋನ್ ಮಾಡಿ ಬೇಡ ಅನ್ಲಾ ಮಾವ?"

"ನಿನ್ನ ಕೆಲಸ ಕಾರ್ ಓಡ್ಸೋದು."

ಫೆಬ್ರವರಿ 4, ಮಂಗಳವಾರ. ಜುರಾ. ಸಂಜೆ 6

ಕೈ ಇನ್ನೂ ತಣ್ಣಗಿದೆ. ಮರೆಯುವ ಮೊದಲು ಬರೆದಿಡಬೇಕು.

ಹತ್ತು ಗಂಟೆಗೆ, ಯಾರೂ ಬರುವ ಮೊದಲು, ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬಾ," ಅಂದರು. ಎರಡು ದಿನದ ನಂತರ ಮೊದಲ ಮಾತು. ಇಳಿಯುವಾಗ ನನ್ನ ತೋಳು ಹಿಡಿಯಲಿಲ್ಲ. ಗೋಡೆ ಹಿಡಿದರು.

ಪೀಪಾಯಿಯ ಹೊಟ್ಟೆಯ ಮೇಲೆ ಬೆರಳ ಗಿಣ್ಣಿನಿಂದ ತಟ್ಟುತ್ತಾ ಕೆಳಗೆ ಬಂದರು. ಟೊಳ್ಳು. ಟೊಳ್ಳು. ಗಟ್ಟಿ. ಮೂರು ವರ್ಷದಲ್ಲಿ ಮತ್ತೆ ಇಳಿದಿತ್ತು. ಬಿರಡೆಯನ್ನು ಎಷ್ಟು ಮೆಲ್ಲಗೆ ತೆಗೆದರೆಂದರೆ ಸದ್ದೇ ಆಗಲಿಲ್ಲ. ಫೋನಿನ ಟಾರ್ಚ್ ಹಿಡಿ ಎಂದರು. ಕಣ್ಣಿಟ್ಟು ನೋಡಿದರು. ಬಹಳ ಹೊತ್ತು. ಬೆನ್ನು ನೋಯುತ್ತಿರಬೇಕು, ಒಂದು ಕೈ ಸೊಂಟಕ್ಕೆ ಹೋಯಿತು.

"ನೋಡು."

ನೋಡಿದೆ. ಕತ್ತಲ ತಳದಲ್ಲಿ ಬೂದು ಬಣ್ಣದ ತೆಳು ಪೊರೆ. ಅಲ್ಲಲ್ಲಿ ಹರಿದಿದೆ. ಹಾಲು ಕಾಯಿಸಿ ಇಳಿಸಿದ ಕೂಡಲೇ ಕಟ್ಟುವಂಥದ್ದು, ಊದಿದರೆ ಸುಕ್ಕಾಗುವಂಥದ್ದು.

"ಮುಳುಗಿದ್ದು ಮತ್ತೆ ಹುಟ್ಟಿದೆ," ಅಂದರು. "ಹಸುಗೂಸು. ಇನ್ನೂ ನಿಂತಿಲ್ಲ."

"ಕೆಟ್ಟಿದೆಯಾ ಮಾವ?"

"ಮೂಗಿಗೆ ಕೆಟ್ಟ ವಾಸನೆ ಬರ್ತಿಲ್ಲ. ರುಚಿ ನೋಡ್ಬೇಕಂದ್ರೆ ಇದನ್ನ ಹರೀಬೇಕು."

ವೈನ್ ಎಳೆಯುವ ಗಾಜಿನ ನಳಿಕೆ ಅವರ ಎಡಗೈಯಲ್ಲಿತ್ತು. ಅದನ್ನೊಮ್ಮೆ ನೋಡಿಕೊಂಡರು. ಒಂದು ಗುಟುಕು. ಮಗನ ವೈನಿನ ಒಂದೇ ಗುಟುಕಿಗೆ ಆರು ವರ್ಷ ಕಾದವರು. ಹರಿಯಲಿ, ಕುಡಿಯಿರಿ ಎಂದು ನಾನೇ ಹೇಳಿಬಿಡುತ್ತಿದ್ದೆ.

ನಳಿಕೆಯನ್ನು ಗೂಟಕ್ಕೆ ನೇತುಹಾಕಿದರು. ಬಿರಡೆ ಇಟ್ಟರು, ಅಂಗೈಯಿಂದ ಒತ್ತಿದರು. ಜೇಬಿನಿಂದ ಸೀಮೆಸುಣ್ಣ ತೆಗೆದರು. ಅಂದರೆ ಇಳಿಯುವ ಮೊದಲೇ ಹಾಕಿಕೊಂಡಿದ್ದರು.

"ನವೆಂಬರ್ ಒಂದು ಅಂದೆ ತಾನೆ?"

"ಹೌದು. ಎರಡು ಸಾವಿರದ ಇಪ್ಪತ್ತೊಂದು."

ತುಟಿಯಲ್ಲೇ ಎಣಿಸಿದರು. ತಿಬೋನ ಅಕ್ಷರದ ಕೆಳಗೆ ಬರೆದರು: 1-2-2028.

"ಅಲ್ಲಿಂದ ಎಣಿಸ್ಬೇಕು. ನಾನಿದ್ರೆ ಕುಡೀತೀನಿ. ಇಲ್ದಿದ್ರೆ ನೀನು ಕುಡಿ. ಉಗುಳ್ಬೇಡ."

ಹತ್ತುವಾಗ, ಮೊದಲ ಸಲ, ನನ್ನ ತೋಳು ಹಿಡಿದರು.

ಮಧ್ಯಾಹ್ನ ಎಲ್ಲರೂ ಬಂದರು. ಶಾಬ್ಲಿಯ ಯಜಮಾನಿ ಕೂಡ, ತನ್ನದೇ ಎರಡು ಬಾಟಲಿ ಹಿಡಿದು. ಕಾಡು ಅಣಬೆ ಹಾಕಿದ ಕೋಳಿ ಮಾಡಿದ್ದೆ. ಎಲ್ಲರೂ ಗ್ಲಾಸ್ ಹಿಡಿದು ಕೂತಾಗ ಮಾವ ಎದ್ದು ನಿಂತರು. ಈಗ ಹೇಳುತ್ತಾರೆ.

"ಪೀಪಾಯಿ ಇನ್ನೂ ಆಗಿಲ್ಲ. ಎಣಿಕೆ ತಪ್ಪಾಯ್ತು. ನಂದೇ ತಪ್ಪು."

ಹಾಗೆಂದದ್ದು ಹಳದಿ ವೈನಿನ ಸೀಮೆಯಲ್ಲಿ ಅರವತ್ತು ವರ್ಷ ಪೀಪಾಯಿ ಕಾದ ಮನುಷ್ಯ. ಆಮೇಲೆ ಅವರ ಬಾಲ್ಯದ ಗೆಳೆಯ ಮಾರ್ಸಿಯಾಲ್ ಮೇಜು ಬಡಿದ.

"ಏನೋ ಆಲ್ಸೀಡ್! ಆರರವರೆಗೆ ಎಣ್ಸೋಕೂ ಬರಲ್ವೇನೋ ನಿಂಗೆ? ಸ್ಕೂಲಲ್ಲಿ ನನ್ನ ಸ್ಲೇಟ್ ನೋಡಿ ಬರೀತಿದ್ದೆ, ಗೊತ್ತಿತ್ತು ಬಿಡು!"

"ನಿನ್ನ ಸ್ಲೇಟ್ ನೋಡಿದ್ದಕ್ಕೇ ಹಿಂಗಾಯ್ತು," ಅಂದರು ಮಾವ.

ಎಲ್ಲರೂ ನಕ್ಕರು. ಊರೆಲ್ಲ ಇನ್ನು ಒಂದು ವರ್ಷ ನಗುತ್ತದೆ. ಮಾವ ತಮ್ಮದೊಂದು ಹಳೆಯ ಬಾಟಲಿ ತೆರೆದು ಸುತ್ತಲೂ ಸುರಿದರು. ನನ್ನ ಗ್ಲಾಸಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು. ಅರ್ಧಕ್ಕೂ ಕಡಿಮೆ. ನನ್ನ ಮುಖ ನೋಡಲಿಲ್ಲ. ಎಲ್ಲರೂ ಹೊರಟ ಮೇಲೆ ನೆಲಮಾಳಿಗೆಯ ಕೀಲಿಯನ್ನು ತಿಬೋನ ಕೋಟಿನ ಜೇಬಿಗೆ ಹಾಕಿ, ಕೋಟನ್ನು ನನ್ನ ಕೈಗೆ ಕೊಟ್ಟರು.

ಫೆಬ್ರವರಿ 8, ಶನಿವಾರ. ದಿಜೋಂ, ಮನೆ. ಬೆಳಿಗ್ಗೆ 8

ಅಣ್ಣ ಈಗ ಕ್ಯಾನು ಹಿಡಿದು ಇಳಿದಿರುತ್ತಾನೆ.

ಮಾವನ ಫೋನ್ ಬಂತು. ಅವರಾಗಿ ಮಾಡುವವರಲ್ಲ.

"ಕೀಲಿ ಎಲ್ಲಿಟ್ಟಿದ್ದೀಯ?"

"ಕೋಟಿನ ಜೇಬಲ್ಲೇ ಇದೆ ಮಾವ."

"ತೆಗೀಬೇಡ." ಅವರೂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.

ಪುಟದಲ್ಲಿ ಇನ್ನೂ ಜಾಗವಿದೆ.