ಆಪರೇಟರ್ ಬಿಟ್ಟುಹೋದ ಸ್ವೆಟರ್

ಮಾರ್ಚ್ ೧೧, ಮಂಗಳವಾರ

ತಪ್ಪು ನನ್ನದೇ. ಆಫೀಸಿನ ಹಳೆಯ ದೊಡ್ಡ ಕಂಪ್ಯೂಟರು, ಮೇನ್‌ಫ್ರೇಮಿನಿಂದ ಲೆಕ್ಕದ ಫೈಲೊಂದನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ನಾಲ್ಕು ದಿನ ಯಾವ ಕ್ವೆರಿ ಓಡಿಸಿ ಲೆಕ್ಕ ಕೇಳಿದರೂ ಎರರ್, ಅಂಕಿಗಳೆಲ್ಲ ಕಸ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಮೇನ್‌ಫ್ರೇಮ್ ನೋಡಿಕೊಳ್ಳುವ ಹಿರಿಯ ಆಪರೇಟರ್ ಡೇಟಾ ಕೆಡಿಸಿದ್ದಾರೆ ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ. ಇವತ್ತು ಅವರನ್ನು ಕೆಲಸದಿಂದ ತೆಗೆದರು.

ಹೊರಡುವಾಗ ಅವರು ಕೇಳಿದ್ದು ಇಷ್ಟೇ: "ಬೈನರಿಲಿ ತಾನೇ ಇಳಿಸ್ಕೊಂಡಿದ್ದು? ಟೆಕ್ಸ್ಟ್ ಅಂತ ಇಟ್ರೆ ಎಲ್ಲಾನೂ ಅಕ್ಷರ ಅಂದ್ಕೊಂಡು ಬದಲಿಸಿಬಿಡುತ್ತೆ, ಅಂಕಿ ಕೆಡುತ್ತೆ ಕಣಮ್ಮ."

"ಅಷ್ಟೂ ಗೊತ್ತಿಲ್ವಾ ಸಾರ್ ನಂಗೆ?" ಅಂದೆ.

ಅವರು ಹೋದ ಮೇಲೆ ಫೈಲು ಇಳಿಸಿದ ಸೆಟ್ಟಿಂಗು ನೋಡಿದೆ. ಟೆಕ್ಸ್ಟ್ ಎಂದೇ ಇತ್ತು. ಬದಲಿಸಿ ಮತ್ತೆ ಇಳಿಸಿದೆ, ಕ್ವೆರಿ ಒಂದೇ ಏಟಿಗೆ ಓಡಿತು. ಮ್ಯಾನೇಜರ್ ಬೆನ್ನು ತಟ್ಟಿ, "ನಾಳೆಯಿಂದ ಅವರ ಸೀಟು ನಿಂದೇ" ಅಂದರು. "ಥ್ಯಾಂಕ್ಸ್ ಸಾರ್" ಅಂದೆ.

ಆ ಕುರ್ಚಿಯ ಮೇಲೆ ಅವರ ಸ್ವೆಟರ್ ಹಾಗೇ ಇದೆ. ಮನೆಗೆ ಕೊಟ್ಟುಬರಬೇಕು. ಬಾಗಿಲು ತೆಗೆದವರಿಗೆ ನಾನು ಯಾರೆಂದು ಹೇಳಲಿ?